ಸೋಫಾಕ್ಕೆ ಹೊಂದದ ಚನ್ನಕ್ಕ

ನನಗೆ ಜನರಿಗೇನೂ ಬರವಿಲ್ಲ. ಬೆಳಗಾದರೆ ಸಾಕು, ಊರೂರಿನವರು ಫೋನಿನಲ್ಲಿ ನನ್ನ ಚಿತ್ರಗಳ ಕೆಳಗೆ ಹೂವು, ಹೃದಯ, ಹೆಬ್ಬೆರಳು ಇಟ್ಟುಹೋಗುತ್ತಾರೆ. ಕೊಟ್ಟೂರಿನ ನನ್ನ ಮನೆಯ ಬಾಗಿಲು ಬಡಿಯುವವರು ಮಾತ್ರ ಗ್ಯಾಸಿನವರು, ಇಲ್ಲವೇ ವಿಳಾಸ ತಪ್ಪಿ ಬಂದವರು. ಸಂಸಾರವಿಲ್ಲದೆ, ಚಿತ್ರ ಬರೆದು ಫೋನಿನಲ್ಲೇ ಮಾರುವ ನನ್ನಂಥವನಿಗೆ ಬಾಯಿಗೆ ಕೆಲಸ ಬಹಳ ಕಡಿಮೆ. ಕೆಲವು ದಿನ ಸಂಜೆ ಅಂಗಡಿಯಲ್ಲಿ "ಅರ್ಧ ಲೀಟರ್ ಹಾಲು" ಅನ್ನುವಾಗ ನನ್ನ ದನಿ ನನಗೇ ಹೊಸದೆನಿಸುತ್ತದೆ.

ಹಿಂದೆ ಹೀಗಿರಲಿಲ್ಲ. ಪಕ್ಕದ ಮನೆಯಲ್ಲಿ ಚನ್ನಕ್ಕ ಇದ್ದಳು. ಕಟ್ಟೆಯ ಮೇಲೆ ಕೂತು ಜೋಳ ಕೇರುತ್ತಾ, "ತಮ್ಮಾ, ಉಂಡಿಯೇನು?" ಎನ್ನುವಳು. ಇಲ್ಲವೆಂದರೆ ಮೊದಲು ಬೈಗುಳ, ಆಮೇಲೆ ಬಿಸಿ ರೊಟ್ಟಿ. ಮಗಳ ಬಾಣಂತನಕ್ಕೆಂದು ಹರಪನಹಳ್ಳಿಗೆ ಹೋದವಳು ಮೊಮ್ಮಗನನ್ನು ಬಿಟ್ಟುಬರಲಾಗದೆ ಅಲ್ಲೇ ಉಳಿದಳು. ಅಂದಿನಿಂದ ನನ್ನ ರಾತ್ರಿಯೂಟ ಮಂಡಕ್ಕಿ. ಒಬ್ಬನ ಹೊಟ್ಟೆಗೆಂದು ಯಾರು ಒಲೆ ಹಚ್ಚುತ್ತಾರೆ? ಅವಳಿಲ್ಲದ ಬೇಸರಕ್ಕೆ, ಕಂದು ಸೀರೆಯುಟ್ಟು ಮೊರ ಹಿಡಿದು ಕೂತ ಚನ್ನಕ್ಕನನ್ನೇ ಬರೆದೆ. ಬರೆದಿದ್ದನ್ನೆಲ್ಲ ಮಾರಾಟಕ್ಕೆ ಹಾಕುವುದು ರೂಢಿ, ಇದನ್ನೂ ಹಾಕಿದೆ. ಒಬ್ಬರು "ಸೂಪರ್" ಅಂದರು. ಇನ್ನೊಬ್ಬರು, ಚಿತ್ರ ಬೇಡ, ಆ ಮೊರ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ತನ್ನ ಚಿತ್ರ ಮಾರಾಟಕ್ಕಿದೆಯೆಂದು ಗೊತ್ತಿದ್ದ ಚನ್ನಕ್ಕ ಫೋನ್ ಮಾಡಿದಾಗಲೆಲ್ಲ, "ನಾ ಇನ್ನಾ ಹೋಗಿಲ್ಲೇನೋ?" ಎಂದು ಕೇಳುತ್ತಿದ್ದಳು.

ಕೊನೆಗೆ ಪುಣೆಯ ಒಬ್ಬ ಹೆಣ್ಣುಮಗಳು ಕೊಂಡರು. ಟಿವಿ ಅಂಗಡಿಯಿಂದ ರಟ್ಟಿನ ಡಬ್ಬಿ ಬೇಡಿ ತಂದು, ಹಳೆಯ ಪಂಚೆಯಲ್ಲಿ ಅಕ್ಕನನ್ನು ಸುತ್ತಿದೆ. ಕೊರಿಯರ್ ಆಫೀಸಿನವನು ಅದನ್ನು ಕೌಂಟರಿನ ಒಳಗೆ ಎಳೆದುಕೊಂಡಾಗ ನನ್ನ ಬಾಯಿ ತಾನಾಗಿ, "ಹೋಗಿ ಬಾರಕ್ಕ" ಅಂದುಬಿಟ್ಟಿತು.

"ಯಾರಿಗ್ರಿ ಸರ?" ಎಂದು ಅವನು ಹಿಂದೆ ಮುಂದೆ ನೋಡಿದ.

ನಮ್ಮ ಕಡೆ ಮನೆಯಿಂದ ಹೊರಟವರಿಗೆ ಬರೀ 'ಹೋಗು' ಅನ್ನುವುದಿಲ್ಲ, 'ಹೋಗಿ ಬಾ' ಅನ್ನುತ್ತೇವೆ. ಆದರೆ ಮಾರಿದ ಸರಕಿಗೂ ಅದನ್ನೇ ಹೇಳಿ ಕಳಿಸಿದ ವ್ಯಾಪಾರಿ ಬಹುಶಃ ನಾನೊಬ್ಬನೇ. ಮನೆಗೆ ಬಂದರೆ ಗೋಡೆಯ ಮೇಲೆ ಬರೀ ಮೊಳೆ. ಅದನ್ನು ನೋಡುತ್ತಾ ಮಂಡಕ್ಕಿಯೂ ಸೇರಲಿಲ್ಲ. ಚಿತ್ರ ಮಾರಾಟವಾದರೆ ಅಳು ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಹೇಳಿದ ಮಾತು ಕೇಳುವವಳು ಚನ್ನಕ್ಕ. ಹದಿನೈದು ದಿನ ಕಳೆಯುವುದರೊಳಗೆ ಅದೇ ಡಬ್ಬಿಯಲ್ಲಿ ವಾಪಸು ಬಂದಳು. ಚಿತ್ರದ ಕಂದು ಬಣ್ಣ ತಮ್ಮ ಸೋಫಾಕ್ಕೆ ಹೊಂದುತ್ತಿಲ್ಲವೆಂದು ಪುಣೆಯವರು ಬರೆದಿದ್ದರು. ಕಲಾವಿದನಾದವನು ಕುಗ್ಗಬೇಕಾದ ಹೊತ್ತು. ನಾನೋ ಡಬ್ಬಿ ತಬ್ಬಿಕೊಂಡು, ಆಟೋಕ್ಕೂ ಕಾಯದೆ, ಕೊರಿಯರ್ ಆಫೀಸಿನಿಂದ ನಡೆದೇ ಮನೆ ಸೇರಿದೆ. ಮೊಳೆಗೆ ತೂಗುಹಾಕಿ ಮುಗಿಸುವಷ್ಟರಲ್ಲಿ ಚನ್ನಕ್ಕನ ಫೋನ್.

"ತಮ್ಮಾ, ಪುಣೆದಾಗ ಹೆಂಗದೀನಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅವರು ವಾಪಸ್ ಕಳಿಸ್ಯಾರಕ್ಕ. ಸೋಫಾಕ್ಕ ನೀ ಹೊಂದಲಿಲ್ಲಂತ."

ಅವಳಿಗೆ ನೋವಾಯಿತೇನೋ ಎಂದುಕೊಂಡೆ. ಅತ್ತಲಿಂದ ಜೋರು ನಗು. "ನಾ ಯಾವಾಗರ ಸೋಫಾದಾಗ ಕುಂತೀನೇನೋ? ಮತ್ತ ಈಗೆಲ್ಲಿ ಅದೀನಿ?"

"ನಮ್ಮೂರಾಗ ಒಬ್ಬರು ಇಟ್ಟುಕೊಂಡಾರಕ್ಕ. ಒಬ್ಬರ ಇರ್ತಾರ. ಮಾತು ಕಮ್ಮಿ."

ಹಿಂದೆ ಮೊಮ್ಮಗ ಅಳುವುದು ಕೇಳಿಸುತ್ತಿತ್ತು. "ಒಬ್ಬರ ಇದ್ರ ಚಲೋ ಆತು ಬಿಡು, ಜತಿಗಿರ್ತೀನಿ. ಮಂಡಕ್ಕಿ ತಿಂದು ಮಕ್ಕೋಬ್ಯಾಡಂತ ಹೇಳು ಅವರಿಗೆ" ಅಂದಳು.

ಆ ಸಂಜೆಯೇ ಚಿತ್ರದ ಕೆಳಗೆ 'ಮಾರಾಟವಾಗಿದೆ' ಎಂದು ಹಾಕಿದೆ. ಅಭಿನಂದನೆಗಳು ಸುರಿದವು. ಕೊಂಡವರು ಪುಣ್ಯವಂತರು ಎಂದು ಒಬ್ಬರು ಬರೆದರು. ಎಲ್ಲರಿಗೂ ಕೈಮುಗಿದು ಧನ್ಯವಾದ ಹೇಳಿದೆ. ಆಮೇಲೆ ಅಕ್ಕನ ಮಾತನ್ನು ಆ ಪುಣ್ಯವಂತರಿಗೆ ಮುಟ್ಟಿಸಬೇಕಿತ್ತಲ್ಲ, ಎದ್ದು ಒಲೆ ಹಚ್ಚಿದೆ.