ಏಡಿಯ ಪರವಾಗಿ ಒಂದು ಮಾತು

ನೋಯುತ್ತಿದ್ದ ಹಲ್ಲು ಮೀಟರನದು. ದಂತವೈದ್ಯರನ್ನು ಆರಿಸಿದ್ದು ಎದುರುಮನೆಯ ಚಿಕ್ಕಮ್ಮ. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸವಾದ್ದರಿಂದ ಅವನಿಗೆ ಆ ಹೆಸರು. ಕೆಲಸ ಮುಗಿದ ಮೇಲೆ ಅವನು ಕಂಪ್ಯೂಟರಿನ ಮುಂದೆ ಕೂತು, ದೊಡ್ಡ ಕಂಪನಿಗಳ ಹಂಗಿಲ್ಲದೆ ಒಬ್ಬಿಬ್ಬರೇ ಸೇರಿ ಮಾಡಿದ ಸಾಹಸದ ವಿಡಿಯೊ ಗೇಮುಗಳನ್ನು ಆಡುತ್ತಿದ್ದ. ಆಡಿದ್ದರ ಬಗ್ಗೆ ‘ಮೊಂಡುಕತ್ತಿ’ ಎಂಬ ಹೆಸರಿನಲ್ಲಿ ಅಂತರ್ಜಾಲದಲ್ಲಿ ಬರೆಯುತ್ತಿದ್ದ. ಅದು ಯಾರೆಂದು ಅವನ ಹೆಂಡತಿಗೂ ಗೊತ್ತಿರಲಿಲ್ಲ. ಅವನಿಗಿದ್ದದ್ದು ಒಂದೇ ಆಸೆ: ತಾನು ಬರೆದದ್ದನ್ನು ಓದಿ ಯಾರಾದರೊಬ್ಬ ಪುಣ್ಯಾತ್ಮ ತನ್ನ ಆಟವನ್ನು ಒಂದಿಷ್ಟಾದರೂ ತಿದ್ದಬೇಕು. ವರ್ಷಗಳಿಂದ ಬರೆಯುತ್ತಿದ್ದರೂ ಯಾವ ಆಟದ ಯಾವ ಬಾಗಿಲೂ ಅಲ್ಲಾಡಿರಲಿಲ್ಲ.

“ಬಾಯಿ ದೊಡ್ಡದಾಗಿ ತೆಗೀರಿ,” ಎಂದರು ಡಾಕ್ಟರು. ನಿದ್ದೆಗೆಟ್ಟು ಅವರ ಕಣ್ಣು ಕೆಂಪಾಗಿತ್ತು. ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದವಳು ಅವರ ಅಕ್ಕ. ಕ್ಲಿನಿಕ್ ನಡೆಯುತ್ತಿದ್ದದ್ದೇ ಅವಳಿಂದ.

ಬಾಯಿ ತೆರೆದ ಮೀಟರನ ಕಣ್ಣು ಎದುರಿನ ಕಂಪ್ಯೂಟರ್ ಪರದೆಯ ಮೇಲೆ ಬಿತ್ತು. ಕಪ್ಪು ನೀರು. ಅದರೊಳಗೆ ಲಾಂದ್ರ ಹಿಡಿದ ಒಬ್ಬ ಹುಡುಗಿ. ಅವಳ ಹಿಂದೆ ಲಾರಿಯಷ್ಟು ದೊಡ್ಡ ಏಡಿ. ಹೋದ ವಾರ ಅವನೇ ಮೊಂಡುಕತ್ತಿಯ ಹೆಸರಿನಲ್ಲಿ ಉಗಿದು ಬರೆದಿದ್ದ ಆಟ ‘ಮುಳುಗಿದ ಊರು’.

“ಇನ್ನೂ ಮುಟ್ಟೇ ಇಲ್ಲ, ಹಿಂಗ್ ಬೆವರ್ತಿದೀರಲ್ಲ,” ಎಂದರು ಡಾಕ್ಟರು.

“ಆಟ ನೋಡ್ತಿದಾರೆ ಕಣೋ,” ಎಂದಳು ಅಕ್ಕ. “ಇವನೇ, ನಮ್ಮ ತಮ್ಮ, ಒಬ್ಬನೇ ಕೂತು ಮಾಡಿದ್ದು. ಮದ್ವೆ ಮಾಡ್ಕೊಳೋ ಅಂದ್ರೆ ಏಡಿಗೆ ಕಾಲು ಬರೀತಾ ಕೂತಿದ್ದ. ಈಗ ಯಾವನೋ ಮೊಂಡುಕತ್ತಿಯಂತೆ, ಬರೆದಿದಾನೆ, ಈ ಏಡಿ ಜತೆ ಹೊಡೆದಾಡೋದಕ್ಕಿಂತ ದವಡೆ ಹಲ್ಲು ಕೀಳಿಸ್ಕೊಳೋದು ಸುಖ ಅಂತ.” ಅವಳು ಟ್ರೇಯಿಂದ ಇಕ್ಕಳ ಎತ್ತಿ ಒಮ್ಮೆ ಅದುಮಿ ನೋಡಿದಳು. “ಕೈಗೆ ಸಿಗ್ಲಿ. ಆ ಸುಖ ಹೆಂಗಿರತ್ತೆ ಅಂತ ತೋರಿಸ್ತೀನಿ.”

ಡಾಕ್ಟರು ಸಿರಿಂಜಿಗೆ ಔಷಧಿ ತುಂಬಿದರು. ಹಲ್ಲು ಹೋಗಲಿ, ಗುರುತು ಸಿಗದೆ ಈ ಕುರ್ಚಿಯಿಂದ ಎದ್ದರೆ ಸಾಕು ಎಂದುಕೊಂಡ ಮೀಟರ್.

ಆಗ ಬಾಗಿಲ ಪರದೆಯಾಚೆಯಿಂದ, ಅವನ ಜತೆಗೇ ಬಂದು ಕೂತಿದ್ದ ಚಿಕ್ಕಮ್ಮನ ದನಿ ಬಂತು. “ಡಾಕ್ಟ್ರೇ, ನಮ್ಮ ಮೀಟರ್ ಕೂಡ ಇಂಥ ಆಟದಲ್ಲಿ ಎತ್ತಿದ ಕೈ. ಸಂಜೆ ಆದ್ರೆ ಅವನ ಕೋಣೇಲಿ ಬರೀ ಕತ್ತಿ ಸದ್ದು. ಅವನ್ನೇ ಕೇಳಿ.”

ಸೂಜಿ ಮೀಟರನ ಮೂಗಿನ ಮುಂದೆ ಗಾಳಿಯಲ್ಲೇ ನಿಂತಿತು.

“ಹೌದಾ? ಯಾವ್ಯಾವ ಆಟ ಆಡಿದೀರ?”

“ಒಂದೆರಡು. ‘ಉಪ್ಪಿನ ದೀಪಸ್ತಂಭ’,” ಎಂದ ಮೀಟರ್. ಆಟದ ಮಾತು ಬಂದರೆ ಅವನ ನಾಲಿಗೆ ಇಳಿಜಾರಿನ ಸೈಕಲ್ಲಿನ ಹಾಗೆ. “ಮಂಜಿನಲ್ಲಿ ಕತ್ತಿ ಬೀಸಿದ್ರೆ ತಾಗಿದ್ದು ಕೈಗೇ ಗೊತ್ತಾಗತ್ತೆ. ಆದ್ರೆ ಏಣಿ ಹತ್ತುವಾಗ ಮಾತ್ರ ನಾಯಕ ಬೀರು ಹೊತ್ತ ಹಮಾಲಿ ಥರ...”

“ಬೀರು ಹೊತ್ತ ಹಮಾಲಿ,” ಎಂದಳು ಅಕ್ಕ ನಿಧಾನವಾಗಿ. “ಆ ಮೊಂಡುಕತ್ತೀನೂ ಇದೇ ಮಾತು ಬರೆದಿದಾನೆ. ಅವನದೆಲ್ಲ ಓದಿದೀನಿ ನಾನು. ಶತ್ರು ಗುರುತು ಇರ್ಬೇಕಲ್ಲ.”

“ಅಲ್ಲೇ ಓದಿದ್ದು ಅನ್ಸತ್ತೆ,” ಎಂದ ಮೀಟರ್. “ಶುದ್ಧ ಸುಳ್ಳು ಅದು. ಏಣಿ ತುಂಬಾ ಚೆನ್ನಾಗಿದೆ.”

“‘ಕೊನೆಯ ಲಿಫ್ಟ್’?” ಎಂದರು ಡಾಕ್ಟರು.

ಲಿಫ್ಟ್ ಮೆಕ್ಯಾನಿಕ್ ಒಬ್ಬ ಮಹಡಿಯಿಂದ ಮಹಡಿಗೆ ರಾಕ್ಷಸರ ಜತೆ ಬಡಿದಾಡಿಕೊಂಡು ಇಳಿಯುವ ಆಟ ಅದು. ಒಂದೇ ರಾಕ್ಷಸನಿಗೆ ಬೇರೆ ಬೇರೆ ಬಣ್ಣ ಬಳಿದು ನಿಲ್ಲಿಸಿದ್ದಾರೆ ಎಂದು ಮೊಂಡುಕತ್ತಿ ಉಗಿದಿದ್ದ. “ಏನು ವೈವಿಧ್ಯ ಅಂತೀರಿ,” ಎಂದ ಮೀಟರ್.

“‘ಗಾಳಿಯಂಚೆ’?”

ಗಾಳಿಪಟ ಹಿಡಿದು ಬೆಟ್ಟದಿಂದ ಬೆಟ್ಟಕ್ಕೆ ಹಾರಿ ಪತ್ರ ಮುಟ್ಟಿಸುವ ಮುದುಕಿಯ ಆಟ. ಕೊನೆಯ ಪತ್ರದ ಹೊತ್ತಿಗೆ ಮೀಟರ್ ಬಿಕ್ಕಿಬಿಕ್ಕಿ ಅತ್ತಿದ್ದ. ಮೊಂಡುಕತ್ತಿ ಬಾಯ್ತುಂಬ ಹೊಗಳಿದ್ದ ಒಂದೇ ಆಟ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು.

“ದಂಡ,” ಎಂದ ಮೀಟರ್. ತನ್ನ ಮಗುವಿಗೆ ತಾನೇ ಹೊಡೆದಂತಾಯಿತು.

ಸೂಜಿ ಒಳಗೆ ಹೋಯಿತು. “ಮರಗಟ್ಟೋವರೆಗೂ ನಮ್ಮದನ್ನ ಆಡ್ತಿರಿ,” ಎಂದು ಡಾಕ್ಟರು ಅವನ ಕೈಗೆ ಕಂಟ್ರೋಲರ್ ಕೊಟ್ಟರು. “ಆಮೇಲೆ ನಿಜ ಹೇಳ್ಬೇಕು.”

ಚಿಕ್ಕಮ್ಮನ ಹಿಂದೆ ಕಾಯುತ್ತಿದ್ದ ರೋಗಿಗಳೂ ಕೆನ್ನೆ ಹಿಡಿದುಕೊಂಡು ಬಂದು ನಿಂತರು. ಹುಡುಗಿ ನೀರಿಗಿಳಿದಳು. ಕಲ್ಲುಬಾಗಿಲ ಹತ್ತಿರ ಉಸಿರು ಸಾಲದೆ ಸತ್ತಳು. ಮತ್ತೆ ಇಳಿದಳು, ಮತ್ತೆ ಸತ್ತಳು. ಹೇಗೋ ಬಾಗಿಲು ದಾಟಿದರೆ ಏಡಿ. ಹೊಡೆದಷ್ಟೂ ಅದು ಗುಮಾಸ್ತನ ಹಾಗೆ ತಲೆ ಎತ್ತದೆ ನಿಂತಿತು. ಕೊನೆಗೊಮ್ಮೆ ಒಂದು ಕಾಲು ಎತ್ತಿತು, ಹುಡುಗಿ ಸತ್ತಳು.

“ಅಲ್ಲ, ಆ ಬಾಗಿಲ ಹತ್ರ ಉಸಿರು ಒಂಚೂರು...” ಎಂದು ಊದಿದ ಕೆನ್ನೆಯ ಹೆಂಗಸೊಬ್ಬಳು ಬಾಯಿ ತೆರೆದಳು. ಅಕ್ಕ ತಿರುಗಿ ನೋಡಿದ್ದೇ ಮುಚ್ಚಿದಳು.

“ಹೇಳಿ,” ಎಂದರು ಡಾಕ್ಟರು, ಇಕ್ಕಳ ಕೈಗೆ ತೆಗೆದುಕೊಳ್ಳುತ್ತ.

“ಅಮೋಘ,” ಎಂದ ಮೀಟರ್, ಮರಗಟ್ಟದೆ ಉಳಿದಿದ್ದ ಅರ್ಧ ತುಟಿಯಲ್ಲಿ. “ಉಸಿರು ಸಾಲದೇ ಇರೋದೇ ಸೊಗಸು. ಏಡಿಯ ಒಂದು ಕಾಲನ್ನೂ ಮುಟ್ಬೇಡಿ. ಆ ಮೊಂಡುಕತ್ತಿಗೆ ಆಟ ಆಡೋಕೇ ಬರಲ್ಲ.”

ಹಲ್ಲು ಕಿತ್ತದ್ದೇ ತಿಳಿಯಲಿಲ್ಲ. ಅಕ್ಕ ತಾನೇ ಹತ್ತಿ ಇಟ್ಟು, “ಗಟ್ಟಿಯಾಗಿ ಕಚ್ಕೊಳಪ್ಪ,” ಎಂದು ನಕ್ಕಳು. ಬದುಕಿದೆ ಎಂದುಕೊಂಡ ಮೀಟರ್.

ಡಾಕ್ಟರು ಮಾಸ್ಕ್ ತೆಗೆದು ಸ್ಟೂಲಿನ ಮೇಲೆ ಕೂತರು.

“ಒಂದು ವಿಷಯ ಹೇಳ್ತೀನಿ, ಅಕ್ಕನಿಗೂ ಹೇಳಿಲ್ಲ. ಆ ಮೊಂಡುಕತ್ತಿ ಬರೆದದ್ದು ಓದಿ ಮೊದಲು ಮೈಯೆಲ್ಲ ಉರೀತು. ಆಮೇಲೆ ಕೂತು ಆಡಿ ನೋಡಿದ್ರೆ, ಅವನು ಹೇಳಿದ್ದು ಸರಿ ಅನ್ನಿಸ್ತು. ನಿದ್ದೆ ಬಿಟ್ಟು ಎಲ್ಲಾ ತಿದ್ದಿದೆ. ಬಾಗಿಲು, ಉಸಿರು, ಏಡಿ, ಎಲ್ಲಾ. ನೀವೀಗ ಆಡಿದ್ದು ಹಳೇದು. ಹೊಸದನ್ನ ಇವತ್ತು ಬಿಡೋನಿದ್ದೆ. ಕೊನೇಲಿ ‘ಮೊಂಡುಕತ್ತಿಗೆ ಕೃತಜ್ಞತೆ’ ಅಂತಾನೂ ಹಾಕಿದ್ದೆ.”

ಮೀಟರ್ ಕುರ್ಚಿಯಿಂದ ಅರ್ಧ ಎದ್ದ.

“ಸದ್ಯ ನೀವು ಬಂದ್ರಿ,” ಎಂದು ಡಾಕ್ಟರು ಕಂಪ್ಯೂಟರಿನತ್ತ ತಿರುಗಿದರು. “ಇಷ್ಟೆಲ್ಲ ಆಡಿರೋರು, ಮುಖದ ಮುಂದೆ ಹೇಳಿದ್ರಿ. ಹೆಸರೇ ಇಲ್ಲದವನ ಮಾತು ಕೇಳ್ಕೊಂಡು ನನ್ನ ಏಡೀನ ನಾನೇ ಹಾಳು ಮಾಡ್ತಿದ್ದೆ.”

ತಿದ್ದಿದ್ದನ್ನೆಲ್ಲ ಶಾಶ್ವತವಾಗಿ ಅಳಿಸಬೇಕೇ ಎಂದು ಪರದೆ ಕೇಳಿತು. ಮೀಟರ್ ಡಾಕ್ಟರ ಮಣಿಕಟ್ಟು ಹಿಡಿದುಕೊಂಡ. ಬಾಯಿಂದ ಹತ್ತಿ ಕಿತ್ತ.

“ಅಳಿಸ್ಬೇಡಿ. ನಾನೇ ಮೊಂಡುಕತ್ತಿ.”

ಅಕ್ಕ ಟ್ರೇ ಕೆಳಗಿಟ್ಟು ಹತ್ತಿರ ಬಂದಳು. ಮೀಟರ್ ಕಣ್ಣು ಮುಚ್ಚಿದ. ಅವಳ ಕೈ ಬಂದು ಅವನ ಹಣೆಯ ಮೇಲೆ ಕೂತಿತು.

“ಪಾಪ,” ಎಂದಳು ಅಕ್ಕ. “ಕೆಲವರಿಗೆ ಇಂಜೆಕ್ಷನ್ ತಲೆಗೇರತ್ತೆ. ಮೊನ್ನೆ ಒಬ್ರು ತಾವೇ ಮಂತ್ರಿ ಅಂದ್ರು.”

“ಇವನಾ?” ಎಂದಳು ಚಿಕ್ಕಮ್ಮ. “ಇನ್ನೊಬ್ಬರನ್ನ ಬಯ್ಯೋ ಧೈರ್ಯ ಇವನಿಗೆಲ್ಲಿಂದ ಬರ್ಬೇಕು? ನಮ್ಮನೆ ಬೆಕ್ಕಿಗೂ ‘ಸ್ವಲ್ಪ ಜರುಗಿ’ ಅಂತಾನೆ.”

ಡಾಕ್ಟರು ಮೆಲ್ಲಗೆ ಕೈ ಬಿಡಿಸಿಕೊಂಡು ಅಳಿಸುವ ಗುಂಡಿ ಒತ್ತಿದರು. ಅಕ್ಕ ಹೊಸ ಹತ್ತಿ ತುರುಕಿದಳು, ಈ ಸಲ ಎರಡು ಉಂಡೆ.

“ಹಳೇದಕ್ಕೂ ಕೊನೇಲೊಂದು ಕೃತಜ್ಞತೆ ಇರ್ಲಿ,” ಎಂದು ಡಾಕ್ಟರು ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡರು. “‘ಏಡಿಯನ್ನು ಉಳಿಸಿಕೊಟ್ಟವರು’ ಅಂತ. ನಿಮ್ಮ ಪೂರ್ತಿ ಹೆಸರು ಹೇಳಿ.”

ಬೇಡ ಬೇಡವೆಂದು ಮೀಟರ್ ಜೋರಾಗಿ ತಲೆಯಾಡಿಸಿದ. ಹೆಸರನ್ನು ಚಿಕ್ಕಮ್ಮನೇ ಹೇಳಿದಳು, ಇನಿಷಿಯಲ್ ಸಮೇತ.