ಶಮಂತನ ಮೊದಲ ಡೈಲಾಗ್

ಕಿವಿ ನಿಮಿರಿಸಿ ಕೇಳಿ ಸ್ವಾಮಿ! ನಮ್ಮ ಮಳವಳ್ಳಿಯ ಶಮಂತ ಬರೆದ ಡೈಲಾಗಿನ ಮುಂದೆ ಪುಣೆಯ ಜನ ರಸ್ತೆಯಲ್ಲಿ ನಿಂತು ಫೋಟೋ ಹೊಡೆಯುತ್ತಾರೆ. ಅದೂ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ. ನಿಮ್ಮೂರಿನ ಯಾವ ರೈಟರಿಗಿದೆ ಈ ಯೋಗ?

ಆ ಬೆಳಿಗ್ಗೆ ಬಿಬವೇವಾಡಿಯ ಬಾಡಿಗೆ ಕೋಣೆಯಿಂದ ಶಮಂತ ಕೂಲಿಂಗ್ ಗ್ಲಾಸ್ ಏರಿಸಿ ಸ್ಲೋ ಮೋಷನ್ನಿನಲ್ಲಿ ಹೊರಟ. ಗಡಿಸೀಮೆಯ ಕನ್ನಡತಿ, ಮನೆಯೊಡತಿ ಸಕ್ಕುಬಾಯಿ ಹಿಂದಿನಿಂದ ಏನೋ ಕೂಗಿದಳು. ಹೀರೋ ಎಲ್ಲಾದರೂ ತಿರುಗಿ ನೋಡುತ್ತಾನೆಯೇ? ಗೇಟು ಕಿರ್ರೆಂದಿತು, ಅವನಿಗದು ಹಿನ್ನೆಲೆ ಸಂಗೀತ.

‘ಆ್ಯಡ್ ಕಂಪನಿಯಲ್ಲಿ ರೈಟರ್’ ಎಂದು ಊರಿಗೆಲ್ಲ ಸಾರಿ ಬಂದಿದ್ದ. ಯಾರೂ ಹೆಸರು ಕೇಳಿರದ ಆ ಕಂಪನಿ ಸಿಕ್ಕಿದ್ದು ಹಿಟ್ಟಿನ ಗಿರಣಿಯ ಹಿಂದೆ, ತಗಡಿನ ಶೆಡ್ಡಿನಲ್ಲಿ. ಒಳಗೆ ಗೋಡೆ ತುಂಬ ಮನೆಬಾಗಿಲಿಗೆ ತೂಗುಹಾಕುವ ಮರಾಠಿ ಬೋರ್ಡುಗಳು. ಮಾಲೀಕ ಅಂಬಾದಾಸನೂ ಗಡಿಸೀಮೆಯವನೇ, ಕನ್ನಡದಲ್ಲಿ ಓದಿ ಹೇಳಿದ: ‘ಬೆಲ್ ಒಮ್ಮೆ ಒತ್ತಿದರೆ ಸಾಕು. ನಮಗೆ ಕಿವಿ ಇದೆ, ಬಾಗಿಲು ತೆರೆಯುವ ಮನಸ್ಸಿಲ್ಲ.’ ‘ವಿಳಾಸ ಕೇಳಬೇಡಿ. ಗೊತ್ತಿದೆ, ಹೇಳುವುದಿಲ್ಲ.’

ಶಮಂತ ದೇವಸ್ಥಾನಕ್ಕೆ ಬಂದವನಂತೆ ಚಪ್ಪಲಿ ಬಿಟ್ಟ. ಇಡೀ ಸಿನಿಮಾದಲ್ಲಿ ವಿಲನ್ನಿಗೆ ಆಗದ ಮಂಗಳಾರತಿ ಇಲ್ಲಿ ಒಂದೇ ಸಾಲಿನಲ್ಲಿ ಆಗಿಹೋಗಿತ್ತು!

“ಸಂಜಿಯೊಳಗ ನಿನ್ನ ಒಂದು ಬೋರ್ಡ್ ಗಿರಾಕಿಗೆ ಪಸಂದ ಬಂದ್ರ ನೌಕರಿ ಪಕ್ಕಾ. ಇಲ್ಲಾಂದ್ರ ಊರ ಬಸ್ ಹತ್ತು,” ಎಂದ ಅಂಬಾದಾಸ. ಅಷ್ಟರಲ್ಲಿ ಫೋನು. ಮಾತು ಮುಗಿಸಿ, “ತೊಗೊ, ಆರ್ಡರ್ ಬಂತು! ಯಾವನೋ ಗೇಟ ತೆಗದಿಟ್ಟು ಹೋಗ್ಯಾನಂತ. ಆಕಳ ಹೊಕ್ಕು ತುಳಸಿ ತಿಂದದ. ಬರಿ!”

ಶಮಂತ ಬರೆದ: ‘ಗೇಟು ಮುಚ್ಚದವನೇ, ನಿನ್ನ ಚಾಪ್ಟರ್ ಮುಚ್ಚುತ್ತೇನೆ!’

“ಥೂ! ಪುಣೆದಾಗ ಹಿಂಗ ಚೀರಬಾರದಲೇ. ನಕ್ಕೋತ ತೊಗಲ ಸುಲೀಬೇಕು.”

“ಬಿಲ್ಡಪ್ಪೇ ಬೇಡ್ವಾ ಸರ್?”

“ಬಿಲ್ಡಪ್ ಮನ್ಯಾಗಿಟ್ಟು ಬಾ!”

ಮಧ್ಯಾಹ್ನದ ಹೊತ್ತಿಗೆ ಕಸದ ಬುಟ್ಟಿ ತುಂಬಿ, ಗಿರಣಿಯ ಸದ್ದೂ ಊರ ಬಸ್ಸಿನ ಹಾರ್ನಿನಂತೆ ಕೇಳತೊಡಗಿತು. ಆ ಗೇಟು ಹಾಕದ ಬೇಜವಾಬ್ದಾರಿ ಪ್ರಾಣಿಯನ್ನು ಮನಸಾರೆ ಶಪಿಸುತ್ತಿದ್ದಾಗಲೇ ಸಾಲು ಹೊಳೆಯಿತು. ಓದಿದ ಅಂಬಾದಾಸ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಅದನ್ನು ಮರಾಠಿಗಿಳಿಸಿ, ಕೆಂಪಕ್ಷರದಲ್ಲಿ ಬರೆಸಿ ಕಳಿಸಿದ. ಗಿರಾಕಿಯ ಫೋನು ಬಂತು: ಭಾಳ ಮಸ್ತ್ ಅದ. ನೌಕರಿ ಪಕ್ಕಾ!

ಸಂಜೆ ತನ್ನ ಬೀದಿಗೆ ತಿರುಗಿದರೆ ಜನಜಾತ್ರೆ, ಎತ್ತಿದ ಮೊಬೈಲುಗಳು. ನಡುವೆ ಅವನದೇ ಕೆಂಪಕ್ಷರ: ‘ಗೇಟು ಹಾಕದೆ ಹೋಗುವ ಮಹಾಶಯರೇ, ನಿಮ್ಮ ಹಿಂದೆಯೇ ಹಸು ಒಳಗೆ ಬರುತ್ತದೆ. ಈ ಮನೆಯಲ್ಲಿ ತನ್ನ ಸಂಬಂಧಿಕರಿದ್ದಾರೆಂದು ಅದರ ನಂಬಿಕೆ.’

ಶಮಂತನ ಕಣ್ಣು ತುಂಬಿ ಬಂತು. ಬೋರ್ಡು ಯಾವ ಗೇಟಿನ ಮೇಲಿದೆ ಎಂದೂ ನೋಡದೆ ಎದೆ ತಟ್ಟಿಕೊಂಡ. “ನಾನೇ ಕಣ್ರೀ ಬರ್ದಿದ್ದು!”

ಬೋಳು ತುಳಸಿ ಕುಂಡವನ್ನು ಕಂಕುಳಲ್ಲಿಟ್ಟುಕೊಂಡು ಸಕ್ಕುಬಾಯಿ ಬಂದಳು. “ಹೌದೇನಪಾ? ಬರದಾವನೂ ನೀನ, ಬರಸಿದಾವನೂ ನೀನ!”

ಸರಿ, ನಿಜ ಹೇಳಿಬಿಡುತ್ತೇನೆ. ಜನ ಫೋಟೋ ಹೊಡೆಯುವುದು ಸುಳ್ಳಲ್ಲ. ಆದರೆ ಬೋರ್ಡಿನ ಪಕ್ಕ ‘ಸಂಬಂಧಿಕ’ನನ್ನೂ ನಿಲ್ಲಿಸಿಕೊಂಡೇ ಹೊಡೆಯುತ್ತಾರೆ. ಹೀರೋ ಈಗ ದಿನಾ ತಿರುಗಿ ನೋಡಿ, ಚಿಲಕ ಎಳೆದು, ಮತ್ತೊಮ್ಮೆ ನೋಡಿ ಹೊರಡುತ್ತಾನೆ.

ಆ ಹಸು ಮಾತ್ರ ಬೋರ್ಡು ಓದಿದಂತಿದೆ. ಬೆಳಿಗ್ಗೆಯಾದರೆ ಸಾಕು, ಗೇಟಿನ ಹೊರಗೆ ನಿಂತು ಅವನಿಗಾಗಿ ಕಾಯುತ್ತದೆ.