ಹೂ ಬಿಡದ ನಿಂಬೆಗೆ ವಾರಪತ್ರಿಕೆಯ ಮದ್ದು

ಗಿಡದ ಬುಡದ ಸುತ್ತ, ನೀರು ಹರಿದುಹೋಗದಂತೆ ಮಣ್ಣನ್ನು ದುಂಡಗೆ ಏರಿಸಿ ಕಟ್ಟುತ್ತೇವಲ್ಲ, ಅದಕ್ಕೆ ಕನ್ನಡದಲ್ಲಿ ಒಂದು ಹೆಸರಿದೆ. ಮಡಿ? ಅಲ್ಲ, ಮಡಿ ಸೊಪ್ಪು ಬೆಳೆಯಲಿಕ್ಕೆ. ಗುಣಿ? ಅದು ಸಸಿ ನೆಡಲು ತೋಡುವುದು. ಇಲ್ಲಿ ತೆಲುಗಿನವರು ಪಾದು ಅನ್ನುತ್ತಾರೆ. ಆ ಮಾತು ನಾಲಿಗೆಯ ಮೇಲೆ ಕೂತುಬಿಟ್ಟಿದೆ, ನಮ್ಮ ಮಾತಿಗೆ ಜಾಗವನ್ನೇ ಕೊಡುತ್ತಿಲ್ಲ. ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಬಂದು ಹೈದರಾಬಾದಿನ ತಾರ್ನಾಕದಲ್ಲೇ ಮುದುಕಿಯಾದವಳಿಗೆ ಹೀಗೆ ಆಗುತ್ತಲೇ ಇರುತ್ತದೆ. ಇರಲಿ, ನೆನಪಾದಾಗ ಹೇಳುತ್ತೇನೆ. ಗಿಡ ಬೆಳೆಸುವವರ ಮನೆಯಲ್ಲಿ ನಗೆಗೆ ಕೊರತೆಯಿಲ್ಲ. ವಾರಪತ್ರಿಕೆ ಓದಿ ಗಿಡ ಬೆಳೆಸಿದರಂತೂ ಕೇಳುವುದೇ ಬೇಡ.

ನಮ್ಮ ಗೇಟಿನ ಪಕ್ಕ ನಾನು ನೆಟ್ಟ ಒಂದು ನಿಂಬೆ ಗಿಡವಿತ್ತು. ಎಲೆ ದಟ್ಟ, ಮುಳ್ಳು ಬೇಕಾದಷ್ಟು, ಹೂ ಮಾತ್ರ ಒಂದೂ ಇಲ್ಲ. ನಮ್ಮ ಮನೆಯವರು ಆಗಷ್ಟೇ ಸ್ಕೂಟರ್ ಕೊಂಡಿದ್ದರು. ನಿಲ್ಲಿಸಲು ಅವರ ಕಣ್ಣಿಗೆ ಬಿದ್ದ ಜಾಗ ಅದೊಂದೇ.

"ಬರೂ ಯುಗಾದಿತನಕ ನೋಡ್ತೀನಿ. ಹೂ ಬಿಟ್ರ ಗಿಡ, ಇಲ್ಲಾಂದ್ರ ಸ್ಕೂಟರ್," ಅಂದರು.

ಆ ಮನೆಯಲ್ಲಿ ಬಾಡಿಗೆ ಅವರ ಹೆಸರಿಗೆ, ಪಾತ್ರೆಗಳು ಅತ್ತೆಯ ಹೆಸರಿಗೆ. ನನ್ನದು ಅಂತ ಇದ್ದದ್ದು ಆ ಗಿಡ ಮಾತ್ರ. ಅದನ್ನು ಹೇಗೆ ಬಿಟ್ಟುಕೊಡಲಿ?

ಸರದಿ

ಆಗ ನಮ್ಮ ಓಣಿಯ ಕನ್ನಡದ ಮನೆಗಳಿಗೆಲ್ಲ ಸೇರಿ ಒಂದೇ ವಾರಪತ್ರಿಕೆ. ಕಾಚಿಗೂಡ ಸ್ಟೇಷನ್ನಿನ ಪುಸ್ತಕದಂಗಡಿಯಿಂದ ಬರುತ್ತಿತ್ತು. ಓದುವ ಸರದಿ ವಯಸ್ಸಿನ ಪ್ರಕಾರ. ನಾನು ಎಲ್ಲರಿಗಿಂತ ಸಣ್ಣವಳು. ನನ್ನ ಕೈಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದು, ಮುಖಪುಟ ಕಿತ್ತುಹೋಗಿ, ಪದಬಂಧ ತುಂಬಿಹೋಗಿ, ಧಾರಾವಾಹಿಯ ನಾಯಕಿ ತೀರಿಕೊಂಡ ಸುದ್ದಿಯೂ ಹಳತಾಗಿರುತ್ತಿತ್ತು.

ಕೈತೋಟದ ಪುಟದಲ್ಲಿ, ಬಿಸಿಲು ಏರುತ್ತಿದೆ, ನಿಂಬೆಗೆ ನೆರಳು ಮಾಡಿ ಎಂದು ಬರೆದಿತ್ತು. ಮುಖಪುಟವಿಲ್ಲದ್ದರಿಂದ ಯಾವ ತಿಂಗಳ ಮಾತೋ ತಿಳಿಯಲಿಲ್ಲ. ಅದು ಶ್ರಾವಣ. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಅಚ್ಚಾದದ್ದು ಸುಳ್ಳಾಗದು ಎಂದು ನಾಲ್ಕು ಗಳ ನೆಟ್ಟು, ಮೇಲೆ ನನ್ನ ಹಳೆಯ ಕೆಂಪು ಇಳಕಲ್ ಸೀರೆ ಕಟ್ಟಿದೆ. ಸಂಜೆಗೆ ಮಳೆ ಸುರಿದು ಸೀರೆಯ ಹೊಟ್ಟೆ ತುಂಬಿತು.

ಪಕ್ಕದ ಮನೆಯ ತೆಲುಗಿನ ಅಮ್ಮ ಗೋಡೆಯಾಚೆಯಿಂದ ಇಣುಕಿ, "ಪಂದಿರಿ ಹಾಕಿದ್ದೀರಿ, ಮನೆಯಲ್ಲಿ ಮದುವೆಯೇನು?" ಎಂದು ಕೇಳಿದರು.

ನಮ್ಮವರು ಗಂಭೀರವಾಗಿ, "ಹೌದ್ರಿ ಅಮ್ಮಾ, ಗಿಡದ ಲಗ್ನ. ಲಗ್ನ ಆದ ಮ್ಯಾಲರ ಹೂ ಬಿಡ್ತದೇನೋ ನೋಡೂಣು," ಅಂದರು.

ಸಿಪ್ಪೆ

ಮುಂದೆ ಬಂದ ಸಂಚಿಕೆಯಲ್ಲಿ ಮೊಟ್ಟೆಯ ಸಿಪ್ಪೆಯ ಪುಡಿ ಹಾಕಲು ಹೇಳಿತ್ತು. ನಮ್ಮ ಮನೆಯಲ್ಲಿ ಮೊಟ್ಟೆ ಅನ್ನುವ ಮಾತನ್ನೂ ಆಡುತ್ತಿರಲಿಲ್ಲ. ಆದರೂ ಗಿಡದ ಜೀವದ ಪ್ರಶ್ನೆ. ಪಕ್ಕದ ಮನೆಯ ಅಮ್ಮನಿಂದ ಕಾಗದದ ಪೊಟ್ಟಣದಲ್ಲಿ ಸಿಪ್ಪೆ ತಂದು, ಮೂಗು ಮುಚ್ಚಿಕೊಂಡು ಬುಡಕ್ಕೆ ಸುರಿದೆ. ಪುಡಿ ಮಾಡುವ ಧೈರ್ಯವಾಗಲಿಲ್ಲ.

ದಸರೆಗೆ ನಮ್ಮವರ ಸೋದರತ್ತೆ ಊರಿಂದ ಬಂದರು. ಬೆಳಿಗ್ಗೆ ಹೂ ಹುಡುಕುತ್ತ ಗೇಟಿನ ಕಡೆ ಹೋದವರು ನಿಂಬೆ ಗಿಡದ ಮುಂದೆ ಬಹಳ ಹೊತ್ತು ನಿಂತರು. ಒಳಗೆ ಬಂದು, "ಹೊಟ್ಟಿ ಸರಿ ಇಲ್ಲವಾ, ನನಗ ಬರೇ ಬಾಳೆಹಣ್ಣು ಸಾಕು," ಅಂದರು. ಹಬ್ಬವೆಲ್ಲ ಬಾಳೆಹಣ್ಣಿನಲ್ಲೇ ಕಳೆಯಿತು. ನನ್ನ ಹೋಳಿಗೆ ಹಾಗೇ ಉಳಿಯಿತು.

ರೈಲು ಹತ್ತಿಸಲು ಹೋದಾಗ ಸೋದರಳಿಯನನ್ನು ಪಕ್ಕಕ್ಕೆ ಕರೆದರು. "ತಮ್ಮಾ, ಗಂಡಸು ಇದ್ದೀ, ಪಟ್ಟಣ ಸೇರೀದಿ, ತಿನ್ನೂದಿದ್ರ ತಿನ್ನು. ಆದ್ರ ಸಿಪ್ಪಿ ಗೇಟಿನ ಮುಂದ ಒಗೀಬ್ಯಾಡ. ಪಾಪ, ಆ ಹುಡುಗಿ ಮ್ಯಾಲ ಹೆಸರು ಬರ್ತೈತಿ."

ಮನೆಗೆ ಬರುವ ದಾರಿಯಲ್ಲಿ ನಮ್ಮವರು ಆ ಮಾತನ್ನು ನನಗೆ ಒಪ್ಪಿಸಿದರು. ಗೇಟು ತೆಗೆಯುತ್ತ, "ಯುಗಾದಿತನಕ ಯಾಕ ಕಾಯಬೇಕು?" ಅಂದರು.

ಗೋಂದು

ಕಡೆಗೆ ನಾನೇ ಪತ್ರಿಕೆಗೆ ಪ್ರಶ್ನೆ ಕಳಿಸಿದೆ: ನಿಂಬೆ ಗಿಡ ಸೊಂಪಾಗಿದೆ, ದಿನವೂ ಎರಡು ಕೊಡ ನೀರು ಹಾಕುತ್ತೇನೆ, ಹೂ ಏಕೆ ಬಿಡುವುದಿಲ್ಲ? ಸಂಕ್ರಾಂತಿಯ ಸುಮಾರಿಗೆ ಓಣಿಯೆಲ್ಲ ಒಂದೇ ಸುದ್ದಿ, "ನಿನ್ನ ಹೆಸರು ಪತ್ರಿಕೆದಾಗ ಬಂದೈತಿ!" ಉತ್ತರವೇನು ಎಂದರೆ ಯಾರಿಗೂ ಗೊತ್ತಿಲ್ಲ. "ಹೆಸರು ಓದಿದ್ವಿ. ಉತ್ತರ ಓದಾಕ ನಮ್ಮನ್ಯಾಗ ನಿಂಬಿಗಿಡ ಎಲ್ಲೈತಿ?"

ಅಂತೂ ಪತ್ರಿಕೆ ನನ್ನ ಸರದಿಗೆ ಬಂತು. ನನ್ನ ಪ್ರಶ್ನೆ ಇತ್ತು. ಅದರ ಕೆಳಗೆ ಚೌಕಾಕಾರದ ಕಿಟಕಿ. ನನಗಿಂತ ಮುಂಚಿನ ಸರದಿಯ, ನಾನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದವರ ಮನೆಗೆ ಓಡಿದೆ.

"ವೈನಿ, ಇಲ್ಲಿದ್ದದ್ದು ಏನಾತ್ರಿ?"

"ಅದಾ? ಅದರ ಬೆನ್ನಿಗೆ ನಿಂಬಿಹಣ್ಣಿನ ಉಪ್ಪಿನಕಾಯಿ ಮಾಡೂದು ಬರದಿದ್ರವಾ. ಕತ್ತರಿಸಿ ಅಡಿಗಿ ಬರಕೊಳ್ಳೂ ವಹಿದಾಗ ಅಂಟಿಸೀನಿ."

"ಜರಾ ಎಬ್ಬಿಸ್ರಿ, ನನ್ನ ಉತ್ತರ ಅದರ ಹಿಂದ ಐತಿ."

"ಏಳೂದಿಲ್ಲ. ಮೈದಾ ಹಿಟ್ಟು ಕುದಿಸಿ ಗೋಂದು ಮಾಡಿದ್ದೆ, ಭಾಳ ಗಟ್ಟಿ ಹಿಡದೈತಿ." ನನ್ನ ಮುಖ ನೋಡಿ ಅವರಿಗೆ ಮರುಕವಾಯಿತು. "ಬೇಜಾರಾಗಬ್ಯಾಡ. ನಿನ್ನ ಗಿಡ ಹಣ್ಣು ಬಿಟ್ಟ ಕೂಡಲೇ ಬಾ. ಉಪ್ಪಿನಕಾಯಿ ಹೆಂಗ ಹಾಕೂದಂತ ನನ್ನ ಕಡೆ ತಯಾರ್ ಐತಿ."

ಸುಮ್ಮನಿರುವ ವಿದ್ಯೆ

ಅಷ್ಟರಲ್ಲಿ ತಂಗಿಯ ಬಾಣಂತನಕ್ಕೆ ಒಂದು ತಿಂಗಳು ಊರಿಗೆ ಹೋಗಬೇಕಾಯಿತು. "ರೀ, ಗಿಡಕ್ಕ ದಿನಾ ಎರಡು ಕೊಡ ನೀರು ಹಾಕ್ರಿ," ಎಂದು ಬೇಡಿಕೊಂಡೆ, ಕೈಮುಗಿಯುವುದೊಂದು ಬಾಕಿ. "ಹಾಕ್ತೀನೇಳು," ಅಂದರು.

ತಿರುಗಿ ಬಂದು ನೋಡಿದರೆ ನೆಲ ಬಿರುಕು ಬಿಟ್ಟಿದೆ, ಎಲೆಗಳೆಲ್ಲ ಉದುರಿವೆ, ಬರೀ ಮುಳ್ಳು.

"ಒಂದು ಹನಿನೂ ಹಾಕಿಲ್ಲೇನ್ರಿ?"

"ಮರ್ತೆ," ಅಂದರು, ಸ್ಕೂಟರಿನ ಕಡೆ ನೋಡುತ್ತ.

ಅಳುತ್ತಲೇ ಕೊಡಗಟ್ಟಲೆ ನೀರು ಹೊಯ್ದೆ. ದಿನವೂ ಹೊಯ್ದೆ. ಯುಗಾದಿಯ ಬೆಳಿಗ್ಗೆ ಅವರು ಕೊಡಲಿ ಹಿಡಿದು ಹೊರಗೆ ಹೋದರು. ನಾನು ಒಲೆಯ ಮುಂದೆ ಕಿವಿ ಮುಚ್ಚಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಅವರು ಕೊಡಲಿಯ ಸಮೇತ ಅಡುಗೆಮನೆಯ ಬಾಗಿಲಿಗೆ ಬಂದರು. "ಏ, ಜರಾ ಹೊರಗ ಬಾ. ಏನೋ ಘಮ್ ಅನ್ನಾಕತ್ತೈತಿ."

ಹೊಸ ಚಿಗುರಿನ ತುಂಬ ಬಿಳಿ ಹೂ. ಅವರು ಕೊಡಲಿಯನ್ನು ಬಾಗಿಲ ಹಿಂದಿಟ್ಟರು. ಸ್ಕೂಟರ್ ಕೊನೆಯವರೆಗೂ ಬೀದಿಯಲ್ಲೇ ನಿಂತಿತು.

ಮರುವರ್ಷ ಅದೇ ಪತ್ರಿಕೆಯಲ್ಲಿ ಬೇರೆ ಯಾರಿಗೋ ಉತ್ತರ: ಹಿಂದೊಮ್ಮೆ ಹೈದರಾಬಾದಿನ ಓದುಗರಿಗೆ ತಿಳಿಸಿದಂತೆ, ಒಂದು ತಿಂಗಳು ನೀರು ಪೂರಾ ನಿಲ್ಲಿಸಿ, ಆಮೇಲೆ ಧಾರಾಳವಾಗಿ ಕೊಡಿ. ನಮ್ಮವರು ಅದನ್ನು ಓಣಿಗೆ ಕೇಳುವಂತೆ ಓದಿದರು. ಅಂದಿನಿಂದ ಅವರೇ ಓಣಿಯ ತೋಟಗಾರಿಕೆ ಪಂಡಿತರು. ಯಾರು ಯಾವ ಗಿಡದ ಬಗ್ಗೆ ಕೇಳಿದರೂ ಒಂದೇ ಉಪದೇಶ: "ಏನೂ ಮಾಡಬ್ಯಾಡ್ರಿ, ಸುಮ್ಮನ ಕೂಡ್ರಿ. ಆದ್ರ ಅದು ಭಾಳ ಕಠಿಣ ಐತಿ, ಎಲ್ಲಾರಿಗೂ ಸಾಧಿಸೂದಿಲ್ಲ."

ಈಗ

ಆ ಪತ್ರಿಕೆಗಳ ಕೈತೋಟದ ಪುಟ ನನ್ನ ಕಣ್ಣೆದುರಿಗೇ ಸಣ್ಣದಾಯಿತು. ಮೊದಲು ಹಿತ್ತಲಿನಲ್ಲಿ ಬಾಳೆ ಹಾಕಿ ಅನ್ನುತ್ತಿತ್ತು. ಆಮೇಲೆ ತಾರಸಿಯಲ್ಲಿ ಟೊಮೇಟೊ, ಆಮೇಲೆ ಬಾಲ್ಕನಿಯಲ್ಲಿ ಪುದೀನ, ಕೊನೆಗೆ ಕಿಟಕಿಯಲ್ಲಿ ಒಂದು ಕುಂಡ. ಒಂದು ದಿನ ಪುಟವೇ ಇರಲಿಲ್ಲ. ಯಾರೂ ಕತ್ತರಿಸಿದ್ದಲ್ಲ, ಬೆನ್ನು ತಿರುಗಿಸಿಯೂ ನೋಡಿದೆ.

ನಮ್ಮವರು ಹೋಗಿ ಕೆಲವು ವರ್ಷಗಳಾದವು. ಆ ನಿಂಬೆಯೂ ಮುಪ್ಪಾಗಿ ಹೋಯಿತು. ಅದರದೇ ಬೀಜದ ಗಿಡ ಈಗಿನ ಮನೆಯ ಗೇಟಿನ ಪಕ್ಕದಲ್ಲಿದೆ. ಈ ವರ್ಷ ಹೂವಿಲ್ಲ. ಮಗ ಕಾರು ಕೊಂಡಿದ್ದಾನೆ. "ಅವ್ವಾ, ಯುಗಾದಿತನಕ ನೋಡೂಣು," ಅನ್ನುತ್ತಾನೆ. ಮಾತಾಡುವ ಧಾಟಿಯೂ ಅಪ್ಪನದೇ. ಅವನ ಮಗಳು ಗಿಡದ ಪರ. ಫೋನಿನಲ್ಲಿ ನೋಡಿ ದಿನವೂ ಬಾಳೆಸಿಪ್ಪೆಯ ನೀರು, ಅಕ್ಕಿ ತೊಳೆದ ನೀರು ಹೊಯ್ಯುತ್ತಾಳೆ.

ಇವತ್ತು ಬಕೆಟ್ ಹಿಡಿದವಳನ್ನು ತಡೆದೆ. "ನೀರು ಹಾಕೂದು ಬಿಡು."

"ಹಂಗಂತ ಯಾವ ವಿಡಿಯೋದಾಗ ಐತಿ, ಅಜ್ಜಿ?"

"ನಿಮ್ಮ ಅಜ್ಜ ಮಾಡಿ ತೋರಿಸ್ಯಾರ."

"ಏನ್ ಮಾಡಿದ್ರು?"

"ಏನೂ ಮಾಡ್ಲಿಲ್ಲ."

ಅವಳು ನಗುತ್ತ ಬಕೆಟ್ ಕೆಳಗಿಟ್ಟು, ಗುದ್ದಲಿ ತಗೊಂಡು ಬುಡ ಕೆದರಲು ಹೊರಟಳು.

"ಹಂಗಲ್ಲ ಹುಡುಗಿ, ಬೇರಿಗೆ ಹತ್ತೀತು. ಮೊದಲು ಆ ಪಾತಿ ಒಡಿ, ನೀರು ನಿಲ್ಲಬಾರದು..."

ಮಾತು ಅರ್ಧಕ್ಕೇ ಬಿಟ್ಟು ಅವಳ ತೋಳು ಹಿಡಿದುಕೊಂಡೆ.

"ಏನಾತು, ಅಜ್ಜಿ?"

"ಪಾತಿ! ಮರ್ತ ಮಾತು ಬಂತು ನೋಡು! ಗುದ್ದಲಿ ಇಡು, ಫೋನ್ ತಗಿ. ಮತ್ತ ಹೋಗೂದ್ರಾಗ ಬರಕೋ: ಪಾತಿ. ಅದರ ಕೆಳಗ, ಯುಗಾದಿತನಕ ಗಿಡದ ಕಡೆ ಕೊಡಲಿ ತರಬ್ಯಾಡ ಅಂತ ಬರದು ನಿಮ್ಮಪ್ಪಗ ಕಳಸು."